ಮಾಪಕ ಕೆಟ್ಟಿದೆಯೋ, ಧೂಳೇ ಹಾಗಿದೆಯೋ? ಮರುಭೂಮಿ ಧೂಳು ಅಳೆಯುವವರಿಗೊಂದು ದೋಷ ನಿವಾರಣೆ ಕೈಪಿಡಿ

ಆಕಾಶ ಹಳದಿಗೆ ತಿರುಗಿದೆ. ಸೂರ್ಯ ಮಸುಕು ಬಿಲ್ಲೆಯ ಹಾಗೆ ಕಾಣುತ್ತಿದ್ದಾನೆ. ಹಲ್ಲಿನ ನಡುವೆ ಮರಳು ಕರಕರ ಅನ್ನುತ್ತಿದೆ. ಸೆನ್ಸರ್ ಮಾತ್ರ ಗಾಳಿ ಪರವಾಗಿಲ್ಲ ಅನ್ನುತ್ತಿದೆ. ಇನ್ನೊಂದು ದಿನ ಇದರ ತದ್ವಿರುದ್ಧ: ಹೊರಗೆ ಆಕಾಶ ತಿಳಿಯಾಗಿದೆ, ಪರದೆಯ ಮೇಲೆ ಅಂಕಿ ಸಾವಿರ ದಾಟಿದೆ.

ಮರುಭೂಮಿ ಧೂಳು ಅಳೆಯುವವರ ದೊಡ್ಡ ತಲೆನೋವು ಇದೇ. ನಿಜವಾದ ಧೂಳಿನ ಬಿರುಗಾಳಿ ಗ್ರಾಫ್‌ನಲ್ಲಿ ಥೇಟ್ ಯಂತ್ರದ ದೋಷದ ಹಾಗೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಅಂಕಿ ಹತ್ತಾರು ಪಟ್ಟು ಏರಿ, ಗಂಟೆಯೊಳಗೆ ಇಳಿದುಬಿಡಬಹುದು. ಶುರುವಿನ ದಿನಗಳಲ್ಲಿ ನಾನು ಇಂಥದ್ದೇ ಮೂರು ಗಂಟೆಯ ಡೇಟಾವನ್ನು ಕಸ ಅಂತ ಅಳಿಸಿಹಾಕಿದ್ದೆ. ಮರುದಿನ ಉಪಗ್ರಹ ಚಿತ್ರ ನೋಡಿದರೆ ಧೂಳಿನ ಗೋಡೆ ಸರಿಯಾಗಿ ನಮ್ಮ ಮೇಲೇ ಹಾದುಹೋಗಿತ್ತು. ಅಳಿಸಿದ್ದು ಅಳಿಸಿದ್ದೇ, ಮತ್ತೆ ಸಿಗಲಿಲ್ಲ.

ಆದ್ದರಿಂದ ಇಲ್ಲಿ ಪ್ರತಿ ಲಕ್ಷಣಕ್ಕೂ ಎರಡು ಪ್ರಶ್ನೆ ಕೇಳುತ್ತಾ ಹೋಗೋಣ. ಯಂತ್ರ ಕೆಟ್ಟಿದೆಯಾ? ಇಲ್ಲಾ, ಯಂತ್ರ ಸರಿ ಇದ್ದು ಧೂಳು ಅದರ ಕಣ್ಣಿಗೆ ಬೀಳುತ್ತಿಲ್ಲವಾ? ಎರಡನೆಯದೇ ಜಾಸ್ತಿ ಸಲ ನಿಜವಾಗಿರುತ್ತದೆ.

## ಯಂತ್ರ ಮುಟ್ಟುವ ಮೊದಲು

ಬಿರುಗಾಳಿ ನಡೆಯುತ್ತಿರುವಾಗ ಮಹಡಿಗಾಗಲಿ ಕಂಬಕ್ಕಾಗಲಿ ಹತ್ತಬೇಡಿ. ಅಳತೆ ಕಾಯಬಲ್ಲದು. ಧೂಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ವಿದ್ಯುದಾವೇಶ ಕಟ್ಟಿಕೊಳ್ಳುತ್ತವೆ. ಸರಿಯಾಗಿ ಅರ್ಥಿಂಗ್ ಮಾಡದ ಲೋಹದ ಕಂಬ ಮುಟ್ಟಿದರೆ ಶಾಕ್ ಹೊಡೆಯಬಹುದು. ಗುಡುಗು ಮೋಡದಿಂದ ಕೆಳಗೆ ನುಗ್ಗುವ ಗಾಳಿ ಎಬ್ಬಿಸುವ ಧೂಳಿನ ಗೋಡೆಗೆ ಹಬೂಬ್ ಅನ್ನುತ್ತಾರೆ. ಅದರ ಹಿಂದೆಯೇ ಸಿಡಿಲೂ ಇರುತ್ತದೆ.

ಗಾಳಿ ನಿಂತ ಮೇಲೂ ಎನ್95 ಮಾಸ್ಕ್ ಹಾಕಿಕೊಳ್ಳಿ. ಯಂತ್ರದೊಳಗೆ ಕೂತ ಪುಡಿಯಲ್ಲಿ ಕ್ವಾರ್ಟ್ಜ್ ಇರುತ್ತದೆ. ಅದರ ನುಣ್ಣನೆಯ ಕಣ ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು. ಬಾಯಿಂದ ಊದಿ ಕ್ಲೀನ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಊದಿದ ಪುಡಿ ಮೊದಲು ನಿಮ್ಮ ಮುಖಕ್ಕೇ ಬರುತ್ತದೆ, ಜೊತೆಗೆ ಎಂಜಲಿನ ತೇವ ಲೆನ್ಸ್‌ಗೆ ಅಂಟುತ್ತದೆ.

ಇನ್ನೊಂದು ಮಾತು. ಏನು ಮಾಡುವ ಮೊದಲೂ ಕಚ್ಚಾ ಡೇಟಾದ ಪ್ರತಿ ಇಟ್ಟುಕೊಳ್ಳಿ, ಯಂತ್ರ ಈಗ ಹೇಗಿದೆಯೋ ಹಾಗೇ ಒಂದು ಫೋಟೋ ತೆಗೆಯಿರಿ. ಆಮೇಲೆ ಹೊರಗೆ ನೋಡಿ. ದೂರದ ಗುಡ್ಡವೋ ಕಟ್ಟಡವೋ ಎಷ್ಟು ದೂರದವರೆಗೆ ಕಾಣುತ್ತಿದೆ ಅಂತ ಬರೆದಿಡಿ. ಧೂಳಿನಿಂದ ಕಣ್ಣಳತೆ 1 ಕಿಲೋಮೀಟರ್‌ಗಿಂತ ಕಡಿಮೆಯಾದರೆ ಅದನ್ನು ಹವಾಮಾನದವರು ಧೂಳಿನ ಬಿರುಗಾಳಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಖರ್ಚಿಲ್ಲದ ಉಪಕರಣ ಅಂದರೆ ನಿಮ್ಮ ಕಣ್ಣೇ.

## ಹೊರಗೆ ಧೂಳೋ ಧೂಳು, ಸೆನ್ಸರ್‌ನಲ್ಲಿ ಅಂಕಿ ಕಡಿಮೆ

ಸಣ್ಣ ಲೇಸರ್ ಸೆನ್ಸರ್ (ಕಣಕ್ಕೆ ಬಡಿದು ಚದುರುವ ಲೇಸರ್ ಬೆಳಕು ನೋಡಿ ಧೂಳು ಎಣಿಸುವಂಥದ್ದು) ಬಳಸುವವರ ಮೊದಲ ದೂರು ಇದು. ಬಿಚ್ಚೋಕೆ ಹೋಗಬೇಡಿ. ಮೊದಲು ಧೂಳು ಎಲ್ಲಿದೆ ನೋಡಿ.

ಧೂಳು ನಿಮ್ಮ ತಲೆಯ ಮೇಲಿರಬಹುದು, ಮೂಗಿನ ಮಟ್ಟದಲ್ಲಿ ಇಲ್ಲದಿರಬಹುದು. ಸಹಾರಾದಿಂದ ಅಟ್ಲಾಂಟಿಕ್ ಮೇಲೆ ಹೊರಡುವ ಧೂಳಿನ ಪದರ ಬೇಸಿಗೆಯಲ್ಲಿ ಐದಾರು ಕಿಲೋಮೀಟರ್ ಎತ್ತರದವರೆಗೂ ಇರುತ್ತದೆ. ಅದರ ಕೆಳಗೆ ಸಮುದ್ರದ ತೇವದ ಗಾಳಿ ಚೊಕ್ಕವಾಗಿಯೇ ಇರಬಹುದು. ಆಕಾಶ ಬಿಳಿಚಿಕೊಂಡಿದೆ, ಆದರೆ ಎದುರಿನ ಗುಡ್ಡ ಸ್ಪಷ್ಟವಾಗಿ ಕಾಣುತ್ತಿದೆ ಅಂದರೆ ಧೂಳು ಮೇಲಿದೆ. ಸೆನ್ಸರ್ ಸರಿಯಾಗೇ ಹೇಳುತ್ತಿದೆ.

ಗುಡ್ಡವೂ ಕಾಣುತ್ತಿಲ್ಲ ಅಂದರೆ ಗಾಳಿ ಒಳಗೆ ಹೋಗುವ ಬಾಯಿ, ಅಂದರೆ ಇನ್‌ಲೆಟ್ ನೋಡಿ. ಜೇಡರ ಬಲೆ, ಹುಳ ತಡೆಯಲು ಹಾಕಿದ ಜಾಲರಿಗೆ ಮೆತ್ತಿದ ಪುಡಿ, ಕಣಜದ ಮಣ್ಣಿನ ಗೂಡು, ಇವೆಲ್ಲ ಮಾಮೂಲು. ಫ್ಯಾನ್ ಸದ್ದು ಕೇಳಿಸುತ್ತಿದೆಯಾ? ಕೇಳಿಸಿದರೂ ಸೊರಗಿದ ಹಾಗಿದೆಯಾ? ಹೆಚ್ಚಿನ ಸಣ್ಣ ಸೆನ್ಸರ್‌ಗಳಲ್ಲಿ ಡೇಟಾ ತಂತಿ 3.3 ವೋಲ್ಟ್‌ನಲ್ಲಿ ನಡೆದರೂ ಫ್ಯಾನ್‌ಗೆ ಪೂರ್ತಿ 5 ವೋಲ್ಟ್ ಬೇಕು. ಉದ್ದ ಕೇಬಲ್, ಸಪೂರ ತಂತಿ, ಹಳೇ ಚಾರ್ಜರ್ ಸೇರಿದರೆ ಸೆನ್ಸರ್ ತಲುಪುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಮಲ್ಟಿಮೀಟರ್ ಇಟ್ಟು ಸೆನ್ಸರ್‌ನ ಪಿನ್‌ನಲ್ಲೇ ಅಳೆಯಿರಿ, ಚಾರ್ಜರ್ ತುದಿಯಲ್ಲಲ್ಲ.

ಮುಂದಿನದು ಕೊಳವೆ. ಹೊರಗಿನಿಂದ ಸೆನ್ಸರ್‌ವರೆಗೆ ಪ್ಲಾಸ್ಟಿಕ್ ಪೈಪ್ ಎಳೆದಿದ್ದೀರಾ? ಹಾಗಿದ್ದರೆ ಅಲ್ಲೇ ಅರ್ಧ ಕಥೆ ಮುಗಿಯಿತು. 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಅಗಲದ ಒಂದು ಖನಿಜ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಕೆಳಗಿಳಿಯುತ್ತದೆ. ಒಂದು ಸೆಂಟಿಮೀಟರ್ ಅಗಲದ ಪೈಪು ಅಡ್ಡಡ್ಡ ಮಲಗಿದ್ದರೆ, ಗಾಳಿ ಅದರಲ್ಲಿ ನಿಧಾನವಾಗಿ ಹರಿದರೆ, ಎರಡು ಸೆಕೆಂಡು ಸಾಕು, ದಪ್ಪ ಕಣವೆಲ್ಲ ತಳಕ್ಕೆ ಕೂತುಬಿಡುತ್ತದೆ. ಬಾಗು ಇದ್ದರೆ ಗೋಡೆಗೆ ಬಡಿಯುತ್ತದೆ. ಪ್ಲಾಸ್ಟಿಕ್ ಆದರೆ ಸ್ಥಿರ ವಿದ್ಯುತ್ತಿನಿಂದ ಅಂಟಿಯೂ ಕೊಳ್ಳುತ್ತದೆ. ಹೊಗೆ ಅಳೆಯುವಾಗ ಈ ಯಾವುದೂ ಅಷ್ಟು ಕಾಡುವುದಿಲ್ಲ, ಏಕೆಂದರೆ ಹೊಗೆಯ ಕಣ ತೀರಾ ಸಣ್ಣದು. ಧೂಳಿಗೆ ಪೈಪು ಲೋಹದ್ದಿರಲಿ, ಗಿಡ್ಡ ಇರಲಿ, ನೆಟ್ಟಗೆ ನಿಂತಿರಲಿ. ಪೈಪೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇಷ್ಟೂ ಸರಿ ಇದೆ, ಆದರೂ ಅಂಕಿ ಕಡಿಮೆ. ಈಗ ಗ್ರಾಫ್ ತೆರೆದು ಪಿಎಂ2.5 (2.5 ಮೈಕ್ರಾನ್ ಒಳಗಿನ ಸಣ್ಣ ಕಣ) ಮತ್ತು ಪಿಎಂ10 (10 ಮೈಕ್ರಾನ್ ಒಳಗಿನ ಎಲ್ಲ ಕಣ) ಗೆರೆಗಳನ್ನು ಒಟ್ಟಿಗೆ ಹಾಕಿ. ಎರಡೂ ಗೆರೆ ನೆರಳಿನ ಹಾಗೆ ಒಂದನ್ನೊಂದು ಹಿಂಬಾಲಿಸುತ್ತಿವೆಯಾ? ಪಿಎಂ10 ಯಾವಾಗಲೂ ಪಿಎಂ2.5ಕ್ಕಿಂತ ಒಂದಿಷ್ಟೇ ಮೇಲಿದೆಯಾ? ಹಾಗಾದರೆ ನಿಮ್ಮ ಸೆನ್ಸರ್ ದಪ್ಪ ಕಣವನ್ನು ನೋಡುತ್ತಲೇ ಇಲ್ಲ. ಸಣ್ಣ ಕಣ ಎಣಿಸಿ, ದಪ್ಪದ್ದು ಇಷ್ಟಿರಬಹುದು ಅಂತ ಊಹೆ ಬರೆಯುತ್ತಿದೆ. ಕೆಲವು ಡೇಟಾಶೀಟ್‌ಗಳಲ್ಲಿ ಪಿಎಂ10 ಲೆಕ್ಕ ಹಾಕಿದ ಅಂಕಿ, ನೇರ ಅಳತೆಯಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ. ಓದುವವರು ಕಡಿಮೆ, ಅಷ್ಟೇ.

ಕಾರಣ ಸರಳ. ಮರುಭೂಮಿ ಧೂಳಿನ ತೂಕವೆಲ್ಲ ಹೆಚ್ಚಾಗಿ ಕೆಲವು ಮೈಕ್ರಾನ್ ಗಾತ್ರದ ದಪ್ಪ ಕಣಗಳಲ್ಲಿರುತ್ತದೆ. ಅವು ಸಂಖ್ಯೆಯಲ್ಲಿ ಕಡಿಮೆ. ಸಣ್ಣ ಫ್ಯಾನಿನ ಎಳೆತಕ್ಕೆ ತಿರುಗಿ ಒಳಗೆ ಬರುವುದಿಲ್ಲ, ಬಂದರೂ ಲೇಸರ್ ಕಿರಣದ ಮುಂದೆ ಹಾಯುವುದು ಕೆಲವೇ ಕೆಲವು. ನಿಜವಾದ ಧೂಳಿನ ದಿನ ಪಿಎಂ2.5ನ್ನು ಪಿಎಂ10ರಿಂದ ಭಾಗಿಸಿದರೆ 0.3ರ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಬರುತ್ತದೆ. ಹೊಗೆಯ ದಿನ 0.7, 0.8ರ ಕಡೆ ಹೋಗುತ್ತದೆ. ಬಿರುಗಾಳಿ ನಡುವೆಯೂ ನಿಮ್ಮ ಸೆನ್ಸರ್ 0.8 ಅಂತಲೇ ಹೇಳುತ್ತಿದ್ದರೆ ಅದು ಕೆಟ್ಟಿಲ್ಲ, ಆ ಕೆಲಸಕ್ಕೆ ಹುಟ್ಟಿಲ್ಲ.

ಇದನ್ನು ಒಂದು ಗುಣಾಂಕದಿಂದ ಗುಣಿಸಿ ಸರಿಮಾಡಬಹುದಲ್ವಾ ಅಂತ ಕೇಳುತ್ತಾರೆ. ನನ್ನ ಉತ್ತರ: ಬೇಡ. ಕಾಣದೇ ಇದ್ದದ್ದನ್ನು ಎಷ್ಟು ಪಟ್ಟು ಗುಣಿಸುತ್ತೀರಿ? ಹೊಗೆಯ ದಿನದ ಗುಣಾಂಕ ಧೂಳಿನ ದಿನಕ್ಕೆ ಹೊಂದುವುದಿಲ್ಲ. ಧೂಳು ಬಂತು, ಇಷ್ಟು ಹೊತ್ತಿಗೆ ಬಂತು ಅಂತ ತಿಳಿಯಲು ಆ ಸೆನ್ಸರ್ ಬಳಸಿ. ಎಷ್ಟು ಅಂತ ಹೇಳಲು ಪಂಪ್ ಇರುವ ಯಂತ್ರ ಬೇಕು.

## ರಾತ್ರಿ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ

ಇದು ಧೂಳಲ್ಲ, ನೀರು. ಗಾಳಿಯಲ್ಲಿ ತೇವ 80 ಶೇಕಡಾ ದಾಟಿದರೆ ಉಪ್ಪು, ಸಲ್ಫೇಟ್ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಲೇಸರ್‌ಗೆ ಅವು ದೊಡ್ಡದಾಗಿ ಕಾಣುತ್ತವೆ. ಮಂಜಿನ ಹನಿಯನ್ನಂತೂ ನೇರವಾಗಿ ಧೂಳು ಅಂತಲೇ ಎಣಿಸಿಬಿಡುತ್ತದೆ.

ಪರೀಕ್ಷೆಗೆ ದುಡ್ಡು ಬೇಕಿಲ್ಲ. ತೇವಾಂಶದ ಗೆರೆಯನ್ನು ಧೂಳಿನ ಗೆರೆಯ ಕೆಳಗೆ ಹಾಕಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅನುಮಾನ ಪಡಿ. ಮರುಭೂಮಿಯ ಗಾಳಿ ಸಾಮಾನ್ಯವಾಗಿ ಒಣಗಾಳಿ. ಧೂಳು ಬಂದಾಗ ತೇವ ಇಳಿಯಬೇಕು.

ಆದರೆ ಹಬೂಬ್ ಈ ನಿಯಮಕ್ಕೆ ಹೊರತು. ಅದು ಮಳೆ ಮೋಡದ ತಣ್ಣನೆಯ ಗಾಳಿಯಿಂದ ಹುಟ್ಟುವುದರಿಂದ ತಾಪಮಾನ ದಿಢೀರ್ ಇಳಿದು ತೇವ ಏರುತ್ತದೆ. ಗಾಳಿಯ ವೇಗ ನೋಡಿ. ವೇಗ ಜಿಗಿದು, ದಿಕ್ಕು ಬದಲಾಗಿ, ಅದೇ ಕ್ಷಣ ಅಂಕಿ ಏರಿದ್ದರೆ ಅದು ಧೂಳು. ಗಾಳಿ ಸ್ತಬ್ಧ ಇದ್ದು ಅಂಕಿ ಮೆಲ್ಲಗೆ ಏರಿದ್ದರೆ ಮಂಜು.

## ಅಂಕಿ ಒಂದೇ ಕಡೆ ಅಂಟಿಕೊಂಡಿದೆ

ಯಾವ ಅಂಕಿ ಅನ್ನುವುದರ ಮೇಲೆ ಕಾರಣ ನಿಂತಿದೆ.

ಸೊನ್ನೆ ಬರುತ್ತಿದ್ದರೆ ಲೇಸರ್ ಸತ್ತಿರಬಹುದು, ಫ್ಯಾನ್ ನಿಂತಿರಬಹುದು. ಒಂದು ಊದುಬತ್ತಿ ಹಚ್ಚಿ ದೂರದಲ್ಲಿ ಹಿಡಿಯಿರಿ. ಅಂಕಿ ಅಲುಗಾಡಿದರೆ ಸೆನ್ಸರ್ ಜೀವಂತ ಇದೆ. ಅಲುಗಾಡದಿದ್ದರೆ ಬದಲಾಯಿಸಿ. ಲೇಸರ್‌ಗೆ ಆಯುಸ್ಸು ಇದೆ: 8,000 ಗಂಟೆ ಅಂತ ಬರೆದಿರುವ ಸೆನ್ಸರನ್ನು ಬಿಡದೆ ಓಡಿಸಿದರೆ ಒಂದು ವರ್ಷವೂ ತುಂಬುವುದಿಲ್ಲ. ಐದು ನಿಮಿಷಕ್ಕೊಮ್ಮೆ ಎಬ್ಬಿಸಿ ಮಲಗಿಸಿದರೆ ವರ್ಷಗಟ್ಟಲೆ ಬರುತ್ತದೆ. ಎಬ್ಬಿಸಿದ ಮೇಲೆ ಮೊದಲ 30 ಸೆಕೆಂಡಿನ ಅಂಕಿ ನಂಬಬೇಡಿ.

ಒಂದೇ ಅಂಕಿ, ಉದಾಹರಣೆಗೆ 43, ಗಂಟೆಗಟ್ಟಲೆ ಹಾಗೇ ನಿಂತಿದ್ದರೆ ಅದು ಸೆನ್ಸರ್ ದೋಷವಲ್ಲ. ಸಂಪರ್ಕ ಕಡಿದಿದೆ, ಪ್ರೋಗ್ರಾಂ ಕೊನೆಯ ಅಂಕಿಯನ್ನೇ ಮತ್ತೆ ಮತ್ತೆ ಬರೆಯುತ್ತಿದೆ. ಕನೆಕ್ಟರ್ ಬಿಚ್ಚಿ ಹಾಕಿ. ಪ್ರೋಗ್ರಾಂ ನಿಮ್ಮದೇ ಆದರೆ, ಹೊಸ ಅಂಕಿ ಬರದಿದ್ದಾಗ ಖಾಲಿ ಬಿಡುವ ಹಾಗೆ ತಿದ್ದಿ. ಚೆಕ್‌ಸಮ್ (ಡೇಟಾ ದಾರಿಯಲ್ಲಿ ಕೆಟ್ಟಿದೆಯಾ ಅಂತ ತಿಳಿಸುವ ಅಂಕಿ) ನೋಡದೆ ಓದುವ ಪ್ರೋಗ್ರಾಂ ಇನ್ನೂ ಅಪಾಯ. ತಂತಿಯ ಗಲಾಟೆಯನ್ನೇ ಅದು 30,000 ಮೈಕ್ರೋಗ್ರಾಂ ಧೂಳು ಮಾಡಿಬಿಡುತ್ತದೆ.

985, 999.9, 1000 ಥರದ ಅಂಕಿಯಲ್ಲಿ ನಿಂತರೆ? ಅದು ಅಳತೆಯ ಗೋಡೆ. ಧೂಳಿನ ತೂಕವನ್ನು ಬೀಟಾ ಕಿರಣದಿಂದ ಅಳೆಯುವ ಕೆಲವು ಪಂಪ್ ಯಂತ್ರಗಳ, ಅಂದರೆ ಬೀಟಾ ಮಾನಿಟರ್‌ಗಳ ಮಾಮೂಲು ಸೆಟ್ಟಿಂಗ್‌ನಲ್ಲಿ ಮಿತಿ ಘನ ಮೀಟರ್‌ಗೆ 985 ಮೈಕ್ರೋಗ್ರಾಂ. ಧೂಳು ಅದಕ್ಕಿಂತ ಎಷ್ಟು ಮೇಲೆ ಹೋದರೂ 985 ಅಂತಲೇ ಬರೆಯುತ್ತದೆ. ಮರುಭೂಮಿ ಧೂಳಿಗೆ ಈ ಮಿತಿ ಏನೇನೂ ಸಾಲದು. 2021ರ ಮಾರ್ಚ್ 15ರಂದು ಗೋಬಿ ಕಡೆಯಿಂದ ಬೀಜಿಂಗ್‌ಗೆ ಧೂಳು ನುಗ್ಗಿದಾಗ ಕೆಲವು ಕಡೆ ಪಿಎಂ10 ಘನ ಮೀಟರ್‌ಗೆ 8,000 ಮೈಕ್ರೋಗ್ರಾಂ ದಾಟಿತ್ತು. ಧೂಳಿನ ಕಾಲ ಶುರುವಾಗುವ ಮೊದಲೇ ಮೆನುಗೆ ಹೋಗಿ ರೇಂಜ್ ಏರಿಸಿ. ಡೇಟಾ ಲಾಗರ್‌ನಲ್ಲೂ ಅದೇ ರೇಂಜ್ ಹಾಕಿ. ಒಂದರಲ್ಲಿ ಮಾತ್ರ ಬದಲಿಸಿದರೆ ಎಲ್ಲ ಅಂಕಿಯೂ ಹಲವು ಪಟ್ಟು ತಪ್ಪಾಗುತ್ತದೆ. ಈ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ.

ಈಗಾಗಲೇ ಗೋಡೆಗೆ ಬಡಿದ ಗಂಟೆಗಳಿದ್ದರೆ ಅಳಿಸಬೇಡಿ. 985 ಅಲ್ಲ, "985ಕ್ಕಿಂತ ಜಾಸ್ತಿ" ಅಂತ ಗುರುತು ಹಾಕಿ.

## ಬಿರುಗಾಳಿ ಹೋಯಿತು, ಅಂಕಿ ಇಳಿಯುತ್ತಿಲ್ಲ

ಆತುರ ಬೇಡ. ದಪ್ಪ ಕಣ ಬೇಗ ಕೂರುತ್ತದೆ, ಸಣ್ಣದು ದಿನಗಟ್ಟಲೆ ತೇಲುತ್ತದೆ. ಸಹಾರಾದ ಧೂಳು ಒಂದು ವಾರದ ಆಸುಪಾಸು ಗಾಳಿಯಲ್ಲೇ ತೇಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟುತ್ತದೆ. ಒಂದು ದಿನ ಕಾದು ನೋಡಿ. ಕಣ್ಣಳತೆ ಚೆನ್ನಾಗಿ ತೆರೆದ ಮೇಲೂ ಅಂಕಿ ಮೇಲೇ ಇದ್ದರೆ ಸೊನ್ನೆ ಪರೀಕ್ಷೆ ಮಾಡಿ.

ಇದು ಈ ಇಡೀ ಕೈಪಿಡಿಯಲ್ಲಿ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಇನ್‌ಲೆಟ್‌ಗೆ ಒಂದು ಹೆಪಾ ಫಿಲ್ಟರ್ ಹಾಕಿ, ಸಂದು ಬಿಡದೆ ಮುಚ್ಚಿ. ಈಗ ಒಳಗೆ ಹೋಗುತ್ತಿರುವುದು ಕಣವೇ ಇಲ್ಲದ ಗಾಳಿ. ಸಣ್ಣ ಸೆನ್ಸರ್ ಆದರೆ ಹತ್ತು ನಿಮಿಷದಲ್ಲಿ ಅಂಕಿ ಸೊನ್ನೆಯ ಹತ್ತಿರ ಬರಬೇಕು. ಬಂದರೆ ಯಂತ್ರ ಸರಿ ಇದೆ, ಗಾಳಿಯಲ್ಲೇ ಧೂಳಿದೆ. ಬರದೆ 20, 30ರಲ್ಲಿ ನಿಂತರೆ ಒಳಗಿನ ಕೋಣೆಯಲ್ಲಿ ಧೂಳು ಕೂತು ಬೆಳಕು ಚದುರಿಸುತ್ತಿದೆ, ಇಲ್ಲವೇ ಫಿಲ್ಟರ್ ಸುತ್ತ ಗಾಳಿ ಸೋರುತ್ತಿದೆ.

ಕ್ಲೀನ್ ಮಾಡುವಾಗ ವಿದ್ಯುತ್ ತೆಗೆಯಿರಿ. ಮುಚ್ಚಿದ ಸೆನ್ಸರ್‌ನ ಲೇಸರ್ ನಿರಪಾಯ. ಬಿಚ್ಚಿ ಆನ್ ಮಾಡಿದರೆ ಕಣ್ಣಿಗೆ ಅಪಾಯ. ಮೃದುವಾದ ಗಾಳಿಯನ್ನು ಹೊರ ಹೋಗುವ ತೂತಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿ. ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಬುಗುರಿಯ ಹಾಗೆ ಸುತ್ತಿ ಬೇರಿಂಗ್ ಹೋಗುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬಳಸಲೇಬೇಡಿ. ಒಮ್ಮೆ ಕ್ಲೀನ್ ಮಾಡಿದ ಮೇಲೂ ಸೊನ್ನೆ ಬರದಿದ್ದರೆ ಆ ಸೆನ್ಸರ್ ಬಿಟ್ಟುಬಿಡಿ.

## ಪಂಪ್ ಇರುವ ಮಾನಿಟರ್: ಬಿರುಗಾಳಿಯ ಗಂಟೆಯೇ ಖಾಲಿ

ಬೀಟಾ ಮಾನಿಟರ್ ಟೇಪ್ ಮೇಲೆ ಧೂಳು ಹಿಡಿದು, ಬೀಟಾ ಕಿರಣ ಎಷ್ಟು ತಡೆಯಲ್ಪಟ್ಟಿತು ಅಂತ ನೋಡಿ ತೂಕ ಹೇಳುತ್ತದೆ. ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ. ಆ ಅಂಕಿ ಸುಮ್ನೆ ಇಟ್ಟದ್ದಲ್ಲ. ಮೇಲಿನ ಪಿಎಂ10 ತಲೆ ದಪ್ಪ ಕಣವನ್ನು ಬೇರೆ ಮಾಡುವುದೇ ಆ ವೇಗದ ಲೆಕ್ಕದಲ್ಲಿ. ಎಳೆತ ಕಡಿಮೆಯಾದರೆ 10 ಮೈಕ್ರಾನ್‌ಗಿಂತ ದಪ್ಪದ್ದೂ ಒಳಗೆ ನುಸುಳುತ್ತದೆ.

ಬಿರುಗಾಳಿಯಲ್ಲಿ ಟೇಪ್‌ನ ಒಂದೇ ಚುಕ್ಕೆಯ ಮೇಲೆ ಧೂಳು ರಾಶಿ ಬೀಳುತ್ತದೆ. ಪಂಪ್‌ಗೆ ಎಳೆಯಲು ಆಗುವುದಿಲ್ಲ. ಎಳೆತ ಕುಸಿದ ಕೂಡಲೇ ಯಂತ್ರ ಆ ಗಂಟೆಯನ್ನು ತಪ್ಪು ಅಂತ ಬದಿಗಿಡುತ್ತದೆ. ಅಂದರೆ ನಿಮಗೆ ಬೇಕಾದ ಗಂಟೆಯೇ ಮಾಯ! ದೋಷದ ಪಟ್ಟಿ ತೆರೆದು ನೋಡಿ. ಎಳೆತದ ದೋಷ ಬಿರುಗಾಳಿಯ ಗಂಟೆಗಳಲ್ಲಿ ಮಾತ್ರ ಇದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಮಾಮೂಲು ದಿನಗಳಲ್ಲೂ ಬಂದರೆ ಪಂಪ್ ಸವೆದಿದೆ, ಇಲ್ಲವೇ ಪಂಪ್‌ಗೆ ಮುಂಚಿನ ಫಿಲ್ಟರ್ ಕಟ್ಟಿದೆ.

ಪರೀಕ್ಷೆಯ ಸರಣಿ ಹೀಗಿರಲಿ. ಮೊದಲು ಮೇಲಿನ ತಲೆ ಬಿಚ್ಚಿ ಒರೆಸಿ. ಆ ತಲೆಯಲ್ಲಿ ತೇವ ಹಿಡಿಯುವ ಬಾಟಲಿ ಖಾಲಿ ಮಾಡಿ. ಟೇಪ್ ಹರಿದಿದೆಯಾ, ಸುರುಳಿ ಮುಗಿಯಿತಾ ನೋಡಿ. ಒಂದು ಸುರುಳಿ ಸುಮಾರು ಎರಡು ತಿಂಗಳು ಬರುತ್ತದೆ. ಆಮೇಲೆ ಟೇಪ್ ಮೇಲಿನ ಚುಕ್ಕೆಗಳನ್ನು ಗಮನಿಸಿ. ಇದು ಒಳ್ಳೆಯ ಸಾಕ್ಷಿ. ಚುಕ್ಕೆಯ ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿದ್ದರೆ ಸರಿ. ಅಂಚು ಮಸುಕಾಗಿದ್ದರೆ, ಒಂದು ಬದಿಗೆ ಧೂಳು ಚೆಲ್ಲಿದ್ದರೆ, ಸೂಜಿ ತೂತು ಕಂಡರೆ ನಾಝಲ್‌ಗೆ ಕಸ ಅಂಟಿ ಗಾಳಿ ಸೋರುತ್ತಿದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ನಾಝಲ್ ಮತ್ತು ಅದರ ಕೆಳಗಿನ ಜಾಲರಿ ಒರೆಸಿ. ಬಳಿಕ ಸೋರಿಕೆ ಪರೀಕ್ಷೆ, ಕೊನೆಗೆ ಹೊರಗಿನ ಮೀಟರ್ ಇಟ್ಟು ಎಳೆತದ ಪರೀಕ್ಷೆ. ಸೋರುವ ಯಂತ್ರದ ಎಳೆತವನ್ನು ಹೊಂದಿಸಲು ಹೋದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಅಲ್ಲಿಗೆ ನಿಲ್ಲಿಸಿ. ಒಳಗಿರುವುದು ಕಾರ್ಬನ್-14 ವಿಕಿರಣ ಮೂಲ. ಪ್ರಮಾಣ ಸಣ್ಣದು, ಮುಚ್ಚಿದ್ದಾಗ ಹೆದರಬೇಕಾಗಿಲ್ಲ. ಆದರೆ ಅದರ ಕವಚವನ್ನು ಬಿಚ್ಚುವುದು, ಕೆರೆಯುವುದು, ಕಸಕ್ಕೆ ಹಾಕುವುದು ಯಾವುದೂ ನಮ್ಮ ಕೆಲಸವಲ್ಲ. ಎಣಿಕೆ ದಿಢೀರ್ ಕುಸಿದರೆ ಮೂಲ ಖಾಲಿಯಾಯಿತು ಅಂದುಕೊಳ್ಳಬೇಡಿ. ಅದು ಅರ್ಧಕ್ಕೆ ಇಳಿಯಲು 5,730 ವರ್ಷ ಬೇಕು. ಹಾಳಾಗಿರುವುದು ಬಹುಶಃ ಡಿಟೆಕ್ಟರ್. ತಯಾರಕರ ಸರ್ವೀಸ್‌ನವರನ್ನು ಕರೆಯಿರಿ.

ಒಣ ಋತುವಿನ ಚೊಕ್ಕ ದಿನಗಳಲ್ಲಿ ಅಂಕಿ ಒಮ್ಮೊಮ್ಮೆ ಮೈನಸ್ ಹೋದರೆ ಚಿಂತೆ ಬೇಡ, ಅದು ಎಣಿಕೆಯ ಅಲುಗಾಟ. ದಿನವಿಡೀ ಮೈನಸ್ ಇದ್ದರೆ ಸೊನ್ನೆ ಪರೀಕ್ಷೆಗೆ ಹೋಗಿ. ಈ ಯಂತ್ರದಲ್ಲಿ ಅದನ್ನು ಎರಡು ಮೂರು ದಿನ ಓಡಿಸಬೇಕು.

## ಧೂಳಿನ ದಿನ ಪಿಎಂ2.5 ಕೂಡ ಪಿಎಂ10ರಷ್ಟೇ ಜಿಗಿಯಿತು

ಇದು ಪಂಪ್ ಯಂತ್ರದ ಮಾತು. ಪಿಎಂ2.5 ಸ್ವಲ್ಪ ಏರುವುದು ಸಹಜ, ಧೂಳಿನಲ್ಲಿ ಸಣ್ಣ ಕಣವೂ ಇದೆ. ಆದರೆ ಎರಡೂ ಬಹುತೇಕ ಸಮ ಆದರೆ ದಪ್ಪ ಕಣ ಬೇರ್ಪಡಿಸುವ ಭಾಗ ತುಂಬಿಹೋಗಿದೆ. ಇಂಪ್ಯಾಕ್ಟರ್, ಅಂದರೆ ದಪ್ಪ ಕಣ ಬಡಿದು ಅಂಟುವ ತಟ್ಟೆಯ ಮೇಲೆ ಧೂಳಿನ ಗುಡ್ಡೆ ಕಟ್ಟಿದರೆ ಹೊಸದಾಗಿ ಬಂದ ದಪ್ಪ ಕಣ ಅಂಟದೆ ಪುಟಿದು ಒಳಗೆ ಹೋಗುತ್ತದೆ. ತಟ್ಟೆ ಒರೆಸಿ ಗ್ರೀಸ್ ಹೊಸದಾಗಿ ಹಚ್ಚಿ. ಗಾಳಿಯನ್ನು ಸುತ್ತಿಸಿ ದಪ್ಪ ಕಣ ಬೇರೆ ಮಾಡುವ ಸೈಕ್ಲೋನ್ ಆದರೆ ತಳದ ಬಟ್ಟಲು ಖಾಲಿ ಮಾಡಿ. ಧೂಳಿನ ಊರಿನಲ್ಲಿ ತಿಂಗಳಿಗೊಮ್ಮೆ ಅನ್ನುವ ವೇಳಾಪಟ್ಟಿ ಸಾಲದು. ಪ್ರತಿ ಬಿರುಗಾಳಿಯ ಮರುದಿನ ಮಾಡಿ.

## ಫಿಲ್ಟರ್ ತೂಕ ನಂಬುವ ಹಾಗಿಲ್ಲ

ಗಾಳಿಯ ಧೂಳನ್ನು ಫಿಲ್ಟರ್ ಮೇಲೆ ಹಿಡಿದು ತಕ್ಕಡಿಯಲ್ಲಿ ತೂಗುವವರಿಗೆ ಇದು. ಫಿಲ್ಟರ್ ಸಾಗಿಸುವಾಗ ಮಗುಚಿದಿರಾ? ದಪ್ಪ ಧೂಳು ಉದುರಿ ಲಕೋಟೆಯಲ್ಲೇ ಉಳಿದಿರುತ್ತದೆ. ಲಕೋಟೆ ಒಳಗೆ ನೋಡಿ. ತಕ್ಕಡಿಯ ಅಂಕಿ ನಿಲ್ಲದೆ ಅಲೆಯುತ್ತಿದ್ದರೆ ಸ್ಥಿರ ವಿದ್ಯುತ್. ಆವೇಶ ತೆಗೆಯುವ ಸಾಧನ ಬಳಸಿ. ಮೊದಲೂ ಆಮೇಲೂ ಒಂದೇ ತೇವ, ಒಂದೇ ತಾಪಮಾನದಲ್ಲಿ 24 ಗಂಟೆ ಇಟ್ಟು ತೂಗಿದಿರಾ ಅಂತಲೂ ಕೇಳಿಕೊಳ್ಳಿ.

ಸಮುದ್ರದ ಹತ್ತಿರ ಇನ್ನೊಂದು ಮೋಸ ಇದೆ: ತೂಕ ಇದೆ, ಆದರೆ ಅದು ಉಪ್ಪು. ಬಾರ್ಬಡೋಸ್‌ನಲ್ಲಿ 1965ರಿಂದ ಸಹಾರಾ ಧೂಳು ಅಳೆಯುತ್ತಾ ಬಂದ ಜೋಸೆಫ್ ಪ್ರಾಸ್ಪೆರೊ ಅವರ ತಂಡದ ವಿಧಾನ ನೋಡಿ. ಫಿಲ್ಟರನ್ನು ನೀರಿನಲ್ಲಿ ತೊಳೆದು ಉಪ್ಪು ಕರಗಿಸಿ, ಉಳಿದದ್ದನ್ನು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಬೂದಿ ತೂಗುತ್ತಾರೆ. ಸುಟ್ಟ ಮೇಲೂ ಉಳಿಯುವುದು ಖನಿಜ. ಇದು ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

## ಸನ್ ಫೋಟೋಮೀಟರ್: ದಿನವೂ ಮಧ್ಯಾಹ್ನ ಧೂಳು ಏರುತ್ತದೆ

ಸೂರ್ಯನ ಬೆಳಕು ಎಷ್ಟು ತಡೆಯಲ್ಪಟ್ಟಿತು ಅಂತ ಅಳೆದು ಇಡೀ ಗಾಳಿಯ ಕಂಬದಲ್ಲಿರುವ ಕಣಗಳ ಲೆಕ್ಕ ಹೇಳುವ ಯಂತ್ರ ಇದು. ಅದು ಕೊಡುವ ಅಂಕಿಗೆ ಎಒಡಿ ಅನ್ನುತ್ತಾರೆ. ನಾಸಾ ನಡೆಸುವ ಏರೋನೆಟ್ ಜಾಲದಲ್ಲಿ ಜಗತ್ತಿನಾದ್ಯಂತ ಇವು ಕೆಲಸ ಮಾಡುತ್ತಿವೆ.

ಸೂರ್ಯ ನೆತ್ತಿಗೆ ಬಂದಾಗ ಎಒಡಿ ಗುಬುಟು ಕಟ್ಟಿ, ಬೆಳಿಗ್ಗೆ ಸಂಜೆ ಇಳಿಯುತ್ತಿದೆಯಾ? ದಿನದಿನವೂ ಅದೇ ಆಕಾರವಾ? ಅದು ಗಾಳಿಯ ಧೂಳಲ್ಲ, ಕಿಟಕಿ ಗಾಜಿನ ಮೇಲಿನ ಧೂಳು. ಹೇಗೆ ಅಂತ ನೋಡಿ. ಗಾಜಿನ ಕೊಳೆ 5 ಶೇಕಡಾ ಬೆಳಕು ತಿಂದರೆ, ಸೂರ್ಯ ನೆತ್ತಿಯಲ್ಲಿದ್ದಾಗ ಎಒಡಿ ಸುಮಾರು 0.05 ಜಾಸ್ತಿ ತೋರಿಸುತ್ತದೆ. ಸೂರ್ಯ ಕೆಳಗಿದ್ದು ಬೆಳಕು ನಾಲ್ಕು ಪಟ್ಟು ಗಾಳಿ ದಾಟಿ ಬರುವಾಗ ಅದೇ ಕೊಳೆಯ ತಪ್ಪು ನಾಲ್ಕು ಭಾಗಕ್ಕೆ ಹಂಚಿಹೋಗಿ 0.013 ಆಗುತ್ತದೆ. ನಿಜವಾದ ಧೂಳಿಗೆ ಗಡಿಯಾರ ಗೊತ್ತಿಲ್ಲ, ಪ್ರತಿದಿನ ಸರಿಯಾಗಿ ಮಧ್ಯಾಹ್ನ ಬರುವುದಿಲ್ಲ.

ಗಾಜು ಒರೆಸುವ ಮೊದಲು ನಳಿಗೆಯೊಳಗೆ ಟಾರ್ಚ್ ಬಿಡಿ. ಜೇಡರ ಬಲೆ ಇರಬಹುದು. ಒಂದೇ ಒಂದು ಎಳೆ ಬಲೆ ತಿಂಗಳ ಡೇಟಾ ಕೆಡಿಸಿದ್ದನ್ನು ನಾನು ನೋಡಿದ್ದೇನೆ. ಪುಡಿಯನ್ನು ಮೊದಲು ಗಾಳಿಯಿಂದ ಹಾರಿಸಿ, ಆಮೇಲೆ ಒರೆಸಿ. ಕ್ವಾರ್ಟ್ಜ್ ಪುಡಿಯನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಸೂರ್ಯನ ಕಡೆ ಗುರಿ ಸರಿಯಿದೆಯಾ ಅಂತ ನಳಿಗೆಯಲ್ಲಿ ಕಣ್ಣಿಟ್ಟು ನೋಡಬೇಡಿ. ಬೆಳಕಿನ ಚುಕ್ಕೆ ಗುರುತಿನ ಮೇಲೆ ಬೀಳುತ್ತಿದೆಯಾ ನೋಡಿದರೆ ಸಾಕು. ಬೀಳದಿದ್ದರೆ ಯಂತ್ರದ ಗಡಿಯಾರ ನೋಡಿ, ಆಮೇಲೆ ಮಟ್ಟ ನೋಡಿ.

ದಟ್ಟ ಧೂಳಿನ ಹೊತ್ತಿನ ಡೇಟಾ ಕಾಣಿಸದಿದ್ದರೆ ಮೋಡ ಸೋಸುವ ಲೆಕ್ಕ ಅದನ್ನು ಮೋಡ ಅಂದುಕೊಂಡಿರಬಹುದು. ಏರೋನೆಟ್‌ನ 1.5ನೇ ಹಂತದಲ್ಲಿ ಇಲ್ಲದ್ದು ಸೋಸದ 1.0 ಹಂತದಲ್ಲಿ ಇದೆಯಾ ನೋಡಿ. ಆಂಗ್‌ಸ್ಟ್ರಾಮ್ ಘಾತಾಂಕ (ಕಣ ದಪ್ಪವಾದಷ್ಟೂ ಇಳಿಯುವ ಅಂಕಿ) ಸೊನ್ನೆಯಿಂದ 0.5ರೊಳಗೆ ಇದ್ದು ಎಒಡಿ ಗಂಟೆಗಟ್ಟಲೆ ಒಂದೇ ಸಮ ಮೇಲಿದ್ದರೆ ಧೂಳು. ನಿಮಿಷ ನಿಮಿಷಕ್ಕೂ ಕುಣಿದರೆ ಮೋಡ. ಘಾತಾಂಕ 1 ದಾಟಿದರೆ ಹೊಗೆಯ ಕಡೆ ಯೋಚಿಸಿ.

## ಉಪಗ್ರಹ ಒಂದು ಹೇಳುತ್ತದೆ, ನೆಲದ ಯಂತ್ರ ಇನ್ನೊಂದು

ಇಲ್ಲಿ ಬಹುಪಾಲು ಸಲ ಯಾರೂ ತಪ್ಪಿಲ್ಲ. ಉಪಗ್ರಹ ಇಡೀ ಕಂಬ ನೋಡುತ್ತದೆ, ನಿಮ್ಮ ಯಂತ್ರ ಎರಡು ಮೂರು ಮೀಟರ್ ಎತ್ತರದ ಗಾಳಿ ನೋಡುತ್ತದೆ. ಪದರ ಎಲ್ಲಿದೆ ಅಂತ ಹೇಳಬಲ್ಲದ್ದು ಲೈಡಾರ್, ಅಂದರೆ ಲೇಸರ್ ಬಿಟ್ಟು ಮರಳುವ ಬೆಳಕು ನೋಡುವ ಯಂತ್ರ. ಅದರಲ್ಲೂ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಅಳೆಯುವ ಲೈಡಾರ್ ಸಿಕ್ಕರೆ ಅದೃಷ್ಟ. ದುಂಡಗಿನ ಹನಿ ಬೆಳಕಿನ ಧ್ರುವೀಕರಣ ಕೆಡಿಸುವುದಿಲ್ಲ, ಮೂಲೆ ಮುರುಕಿನ ಧೂಳಿನ ಕಣ ಕೆಡಿಸುತ್ತದೆ. ದಿಕ್ಕು ಕೆಟ್ಟ ಬೆಳಕನ್ನು ಕೆಡದ ಬೆಳಕಿನಿಂದ ಭಾಗಿಸಿದರೆ ಶುದ್ಧ ಧೂಳಿಗೆ 0.3ರ ಸುತ್ತ ಬರುತ್ತದೆ.

ಉಪಗ್ರಹ ನಕ್ಷೆಯಲ್ಲಿ ಮರುಭೂಮಿಯ ಮೇಲೇ ಖಾಲಿ ಜಾಗ ಕಂಡರೆ ನೀವು ತೆರೆದಿರುವ ಲೆಕ್ಕ ಯಾವುದು ನೋಡಿ. ನಾಸಾ ಉಪಗ್ರಹಗಳ ಕ್ಯಾಮೆರಾದಂಥ ಉಪಕರಣ ಮೋಡಿಸ್‌ನ ಡಾರ್ಕ್ ಟಾರ್ಗೆಟ್ ಲೆಕ್ಕ ಕಪ್ಪು ನೆಲ, ಸಮುದ್ರಕ್ಕೆ ಮಾತ್ರ. ಹೊಳೆಯುವ ಮರಳಿಗೆ ಡೀಪ್ ಬ್ಲೂ ತೆರೆಯಿರಿ. ನೀಲಿ ಬೆಳಕಿನಲ್ಲಿ ಮರಳು ಕಪ್ಪಗೆ ಕಾಣುವುದರಿಂದ ಮೇಲಿನ ಧೂಳು ಎದ್ದು ಕಾಣುತ್ತದೆ.

## ಪಕ್ಕಪಕ್ಕ ಇದ್ದರೂ ಎರಡು ಯಂತ್ರ ಹೊಂದುತ್ತಿಲ್ಲ

ಮೊದಲು ಗಡಿಯಾರ. ಒಂದು ಸ್ಥಳೀಯ ಸಮಯದಲ್ಲಿ, ಇನ್ನೊಂದು ಯುಟಿಸಿಯಲ್ಲಿ (ಜಾಗತಿಕ ಸಮಯ) ಇರುತ್ತದೆ. ಒಂದು ಗಂಟೆಯ ಶುರುವಿಗೆ ಮುದ್ರೆ ಹಾಕುತ್ತದೆ, ಇನ್ನೊಂದು ಕೊನೆಗೆ. ಇಪ್ಪತ್ತು ನಿಮಿಷದ ಧೂಳಿಗೆ ಅಷ್ಟು ಸಾಕು, ಎರಡು ಬೇರೆ ಬೇರೆ ಬಿರುಗಾಳಿ ಅನ್ನಿಸಿಬಿಡುತ್ತದೆ.

ಒಂದೇ ಮಾದರಿಯ ಎರಡು ಲೇಸರ್ ಸೆನ್ಸರ್ ಕಡಿಮೆ ಧೂಳಿನಲ್ಲಿ ಹೊಂದಿ, ಜಾಸ್ತಿಯಾದಾಗ ಬೇರೆಯಾದರೆ ಸೆನ್ಸರ್ ಕೊಡುವ ಎರಡು ಬಗೆಯ ಲೆಕ್ಕದಲ್ಲಿ ಒಂದರಿಂದ ಸಿಎಫ್1 ಕಾಲಂ, ಇನ್ನೊಂದರಿಂದ ಅಟ್ಮಾಸ್ಫಿಯರಿಕ್ ಕಾಲಂ ಓದುತ್ತಿರಬಹುದು. ಆರಂಭದ ಅಂಕಿಗಳಲ್ಲಿ ಇವು ಒಂದೇ, ಆಮೇಲೆ ದಾರಿ ಬೇರೆ.

ಪಂಪ್ ಯಂತ್ರಗಳ ನಡುವೆ ಆರೇಳು ಶೇಕಡಾ ವ್ಯತ್ಯಾಸ ಬೇಸಿಗೆಯಲ್ಲಿ ಮಾತ್ರ ಬಂದರೆ ಗಾಳಿಯ ಗಾತ್ರದ ಲೆಕ್ಕ ನೋಡಿ. ಒಂದು ಇದ್ದ ತಾಪಮಾನದಲ್ಲೇ ಲೆಕ್ಕ ಹಾಕುತ್ತದೆ, ಇನ್ನೊಂದು 25 ಡಿಗ್ರಿಗೆ ಇಳಿಸಿ ಹಾಕುತ್ತದೆ. 45 ಡಿಗ್ರಿ ಬಿಸಿಲಿನಲ್ಲಿ ಇಷ್ಟರಿಂದಲೇ ಸುಮಾರು 7 ಶೇಕಡಾ ಅಂತರ ಹುಟ್ಟುತ್ತದೆ.

ಇಷ್ಟೆಲ್ಲ ಮುಗಿಸಿಯೂ ಹೊಂದದಿದ್ದರೆ ಯಂತ್ರಗಳ ಜಾಗ ಅದಲುಬದಲು ಮಾಡಿ ಎರಡು ವಾರ ಬಿಡಿ. ವ್ಯತ್ಯಾಸ ಯಂತ್ರದ ಜೊತೆ ಹೋದರೆ ಅದು ಯಂತ್ರದ್ದು. ಜಾಗದಲ್ಲೇ ಉಳಿದರೆ ಪಕ್ಕದ ಮಣ್ಣಿನ ರಸ್ತೆಯನ್ನೋ ಗಾಳಿ ತಡೆಯುವ ಗೋಡೆಯನ್ನೋ ಹುಡುಕಿ.

## ಸರ್ವೀಸ್‌ಗೆ ಕಳಿಸುವಾಗ

ಸೊನ್ನೆ ಪರೀಕ್ಷೆಯಲ್ಲಿ ಬಿದ್ದರೆ, ಸೋರಿಕೆ ನಿಲ್ಲದಿದ್ದರೆ, ಬೀಟಾ ಎಣಿಕೆ ಕುಸಿದರೆ, ಫೋಟೋಮೀಟರ್ ಕ್ಯಾಲಿಬ್ರೇಶನ್ ಆಗಿ ವರ್ಷ ದಾಟಿದ್ದರೆ ಕಳಿಸಿ. ಜೊತೆಗೆ ಸೊನ್ನೆ ಪರೀಕ್ಷೆಯ ಅಂಕಿ, ಸೋರಿಕೆ ಮತ್ತು ಎಳೆತದ ಅಂಕಿ, ದೋಷ ಶುರುವಾದ ದಿನ, ಅದಕ್ಕೆ ಮುಂಚಿನ ಬಿರುಗಾಳಿಯ ದಿನ, ಇಷ್ಟನ್ನು ಬರೆದ ಚೀಟಿ ಇಡಿ. ಯಂತ್ರವನ್ನು ಕ್ಲೀನ್ ಮಾಡಿದ ಮೇಲಿನ ಅಂಕಿ ಮಾತ್ರವಲ್ಲ, ಮಾಡುವ ಮೊದಲಿನದ್ದೂ ಇರಲಿ. ಹಿಂದಿನ ತಿಂಗಳ ಡೇಟಾ ಎಷ್ಟು ತಿದ್ದಬೇಕು ಅಂತ ತಿಳಿಯುವುದು ಆ ಮೊದಲಿನ ಅಂಕಿಯಿಂದಲೇ.